ಹಡಗಿನ ಛಾಪಿನ ಸ್ಟೋವ್

ಅವರು ತೀರಿಕೊಂಡ ದಿನ ಮಣ್ಣಿಗೆ ಬಂದವರಿಗೆಲ್ಲ ಚಹಾ ಓಣಿಯ ಬೇರೆ ಮನೆಗಳಿಂದ ಬಂತು. ಸಾವಾದ ಮನೆಯಲ್ಲಿ ಅವತ್ತು ಒಲೆ ಹೊತ್ತಿಸುವುದಿಲ್ಲ, ಅದೇನು ಹೊಸ ಪದ್ಧತಿಯಲ್ಲ. ಆದರೆ ಗೋಕಾಕದ ಆ ಮನೆಯ ಪಡಸಾಲೆಯಲ್ಲಿ ಕೂತವರ ಕಣ್ಣೆದುರಿಗೇ ಗೋಡೆಯುದ್ದಕ್ಕೂ ಗಾಜಿನ ಕಪಾಟುಗಳು, ಕಪಾಟಿನ ತುಂಬ ಹಿತ್ತಾಳೆಯ ಪಂಪ್ ಸ್ಟೋವ್‌ಗಳು. ದೊಡ್ಡವು, ಸಣ್ಣವು, ಮೂರು ಕಾಲಿನವು, ಒಂದು ಕಾಲು ಮುರಿದವು, ಎಲ್ಲವೂ ಹಬ್ಬಕ್ಕೆ ತಿಕ್ಕಿಟ್ಟ ಹಾಗೆ ಹೊಳೆಯುತ್ತಿದ್ದವು. ಪರವೂರಿನಿಂದ ಬಂದ ಒಬ್ಬ ಹಿರಿಯರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಸುತ್ತ ಕಣ್ಣಾಡಿಸಿ, "ಮನಿ ತುಂಬ ಸ್ಟೋ ಅದಾವು, ಚಾ ಮಾತ್ರ ಮಂದಿ ಮನಿದು" ಅಂದುಬಿಟ್ಟರು.

"ಅವರ ಇದ್ದಾಗೂ ಹಂಗ ಇತ್ತರಿ" ಅಂತ ಮೂಲೆಯಿಂದ ಯಾರೋ ಉತ್ತರ ಕೊಟ್ಟರು. "ಅವು ನೋಡೂ ಸ್ಟೋ, ಹಚ್ಚೂವಲ್ಲ."

ಸಾವಿನ ಮನೆಯಲ್ಲಿ ನಗು ತಡೆಯುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ನಾನು ಸೆರಗು ಬಾಯಿಗೆ ಹಿಡಿದೆ. ಅಳುತ್ತಿದ್ದೇನೆ ಅಂದುಕೊಂಡು ಪಕ್ಕದವರು ಬೆನ್ನು ಸವರಿದರು. ಅಳುವೂ ಇತ್ತು, ಸುಳ್ಳೇಕೆ ಹೇಳಲಿ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಂದಿಯ ಹೆಸರನ್ನು ಉಜ್ಜಿ ಉಜ್ಜಿ ತೆಗೆದ ಮನುಷ್ಯ ಅವರು. ಆ ಕತೆ ಮುಂದೆ ಬರುತ್ತದೆ. ಅಷ್ಟು ಸೇಡು ತೀರಿಸಿಕೊಳ್ಳುವ ಹಕ್ಕು ಬಾಜೂ ಮನೆಯವಳಾದ ನನಗಿದೆ ಎಂದುಕೊಂಡಿದ್ದೇನೆ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕೂ. ತೊಂಬತ್ತರ ದಶಕದಲ್ಲಿ ಮೂಡಲಗಿಯ ಒಂದು ಸಾಲಿಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು, ಹಾಗಾಗಿ ಅವರಿಬ್ಬರಿಗೂ ನಾನು ಅಕ್ಕೋರು. ಗೋಕಾಕದಲ್ಲಿ ಅವರ ಮನೆಗೆ ಅಂಟಿಕೊಂಡ ಎರಡು ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಕಾಕಾ ವಿಮಾ ಏಜೆಂಟರು. ವಾರದಲ್ಲಿ ಮೂರ್ನಾಲ್ಕು ದಿನ ಅದೇ ಬಸ್ಸಿಗೆ ಬರುತ್ತಿದ್ದರು. ಹೀಗಾಗಿ ಅವರನ್ನು ತಪ್ಪಿಸಿಕೊಳ್ಳಲು ನನಗೆ ಮನೆಯಲ್ಲೂ ದಾರಿ ಇರಲಿಲ್ಲ, ದಾರಿಯಲ್ಲೂ ದಾರಿ ಇರಲಿಲ್ಲ.

ಅವರದು ಕಂದುಬಣ್ಣದ ಸಫಾರಿ, ಹೆಗಲಿಗೆ ರೆಕ್ಸಿನ್ ಚೀಲ. ಚೀಲದ ಒಂದು ಖಾನೆಯಲ್ಲಿ ವಿಮೆಯ ಕಾಗದಗಳು, ಇನ್ನೊಂದರಲ್ಲಿ ನಟ್ಟು ತಿರುಗಿಸುವ ಪಾನಾ, ತೊಗಲಿನ ವಾಷರ್, ಹಳೆಯ ಬರ್ನರ್. ಎರಡೂ ಖಾನೆಗೆ ಸ್ಟೋವಿಗೆ ಹಾಕುವ ಚಿಮಣಿ ಎಣ್ಣೆಯ ಒಂದೇ ವಾಸನೆ. ಬೇರೆ ಏಜೆಂಟರ ಕಿಸೆಯಲ್ಲಿ ಪೆನ್ನು ಇರುವ ಜಾಗದಲ್ಲಿ ಇವರಿಗೆ ಸ್ಟೋವ್ ಪಿನ್ನುಗಳು ಇರುತ್ತಿದ್ದವು, ಬರ್ನರಿನ ತೂತು ಕಟ್ಟಿದಾಗ ಚುಚ್ಚಿ ಬಿಡಿಸುವ ಆ ತಗಡಿನ ಹಿಡಿಕೆಯ ಪಿನ್ನು. ಒಮ್ಮೆ ಯಾರೋ ರೈತ ಸಹಿ ಮಾಡಲು ಕೈ ಚಾಚಿದಾಗ ಇವರು ಮಾತಿನ ಭರದಲ್ಲಿ ಪಿನ್ನು ಕೊಟ್ಟಿದ್ದರು. ಅವನು ಅದನ್ನು ತಿರುಗಿಸಿ ನೋಡಿ, ರಕ್ತದಾಗ ಸಹಿ ಮಾಡಬೇಕೇನ್ರಿ ಅಂತ ಕೇಳಿದನಂತೆ.

ವಿಮೆ ಮಾಡಿಸುವ ಅವರ ಪರಿ ಊರಿಗೇ ಗೊತ್ತಿತ್ತು. ಒಂದು ಮನೆಗೆ ಹೋಗಿ ಕೂತರೆ ಮೊದಲು ಮನೆಯ ಯಜಮಾನನನ್ನು ಕೊಲ್ಲುತ್ತಿದ್ದರು. "ಮನುಷ್ಯಾ ಇವತ್ತ ಇದ್ದಾಂವ ನಾಳಿಗೆ ಇರ್ತಾನಂತ ಯಾರ ಹೇಳ್ಯಾರ್ರಿ? ಈಗ ನೀವ ಇಲ್ಲಿ ಕುಂತೀರಿ. ನಾಳೆ ಈ ಜಾಗಾದಾಗ ನಿಮ್ಮ ಫೋಟೋ ಇರಬೌದು." ಯಜಮಾನ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಇವರ ಕಣ್ಣು ಮೇಲಕ್ಕೆ ಹೋಗಿರುತ್ತಿತ್ತು. "ಅಂದಂಗ ನಿಮ್ಮ ಅಟ್ಟದ ಮ್ಯಾಲ ಹಳೆ ಸ್ಟೋ ಏನರ ಐತೇನು?"

ಅಟ್ಟದ ಮೇಲಿದ್ದ ಸ್ಟೋವ್ ಇಳಿಸಿ ಕೊಟ್ಟರೆ ಸಾವು ಮುಂದಕ್ಕೆ ಹೋಗುತ್ತದೇನೋ ಎಂಬ ಹಾಗೆ ಮಂದಿ ಅವಸರದಿಂದ ಇಳಿಸಿ ಕೊಡುತ್ತಿದ್ದರು. ಆಗ ಮನೆಮನೆಗೂ ಗ್ಯಾಸ್ ಬರುತ್ತಿದ್ದ ಕಾಲ. ಹೆಂಗಸರಿಗೆ ಪಂಪು ಹೊಡೆದು ಹೊಡೆದು ರಟ್ಟೆ ಸೋತಿತ್ತು. ಪೀಡೆ ತೊಲಗಿತು ಎಂದು ಸ್ಟೋವನ್ನು ಅಟ್ಟಕ್ಕೆ ಎಸೆದು ಸುಮ್ಮನಾಗಿದ್ದರು. ಇಡೀ ಸೀಮೆಯ ಹೆಂಗಸರು ಬೇಡ ಎಂದು ಎಸೆದದ್ದನ್ನು ನಮ್ಮ ಕಾಕಾ ಎದೆಗೆ ಅವಚಿಕೊಂಡು ಮನೆಗೆ ತರುತ್ತಿದ್ದರು.

ಬಸ್ಸಿನಲ್ಲಿ ಅವರು ಸ್ಟೋವ್ ತರುವ ದಿನ ನಾವೆಲ್ಲ ಸ್ವಲ್ಪ ದೂರ ಕೂಡುತ್ತಿದ್ದೆವು. ಸೀಟಿನ ಮೇಲೆ ಟವೆಲ್ಲು ಹಾಸಿ ಸ್ಟೋವನ್ನು ಕೂಡಿಸಿ, ತಾವು ಬಾಜೂದಲ್ಲಿ ನಿಂತು ಹಿಡಿದುಕೊಳ್ಳುವರು. ಬಸುರಿ ಹೆಂಗಸು ಬಂದರೂ ಎಬ್ಬಿಸುವುದಿಲ್ಲ. ಕಂಡಕ್ಟರು ಒಮ್ಮೆ, "ಸಾಹೇಬ್ರ, ಇದಕ್ಕ ಅರ್ಧಾ ತಿಕೀಟೋ, ಪೂರಾನೋ?" ಅಂದ. ಕಾಕಾ ಬಹಳ ಗಂಭೀರವಾಗಿ ಯೋಚಿಸಿದರು. "ಇದರ ವಯಸ್ಸು ನೋಡಿದ್ರ ಪೂರಾನ ಆಗತೈತಿ. ಕೊಡು." ಕೊಂಡೂ ಬಿಟ್ಟರು. ಆ ತಿಕೀಟನ್ನು ಸ್ಟೋವಿನ ಕಾಲಿಗೆ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸ್ಟೋವ್ ಗುರುತಿಸುವುದು ಒಂದು ದೊಡ್ಡ ಪೂಜೆಯ ಹಾಗೆ ನಡೆಯುತ್ತಿತ್ತು. ಮೊದಲು ಎರಡೂ ಕೈಯಲ್ಲಿ ಹಿಡಿದು ಮೂಸುವುದು. ಆಮೇಲೆ ಉಗುರಿನಿಂದ ಎಣ್ಣೆಯ ಟಾಕಿಗೆ ಟಣ್ ಅಂತ ಬಡಿಯುವುದು. ಕಿವಿಗೆ ಹಿಡಿಯುವುದು. ಬೋರಲು ಮಾಡಿ ತಳ ನೋಡುವುದು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರುವುದು. ಕೊನೆಗೆ ತೀರ್ಪು. ತೀರ್ಪು ಎರಡೇ ಇದ್ದವು, "ಒರಿಜಿನಲ್" ಇಲ್ಲವೆ "ಡುಪ್ಲಿಕೇಟ". ಈ ತೀರ್ಪು ಬರಬರುತ್ತ ಸ್ಟೋವ್ ದಾಟಿ ಎಲ್ಲದಕ್ಕೂ ಹಬ್ಬಿತು. ಹೊಸದಾಗಿ ಬಂದ ಡಾಕ್ಟರು ಡುಪ್ಲಿಕೇಟ. ಓಣಿಯ ಅಂಗಡಿಯ ಕರದಂಟು ಡುಪ್ಲಿಕೇಟ. ಚುನಾವಣೆಗೆ ನಿಂತವರೆಲ್ಲ, ಪಕ್ಷ ಯಾವುದೇ ಇರಲಿ, ಡುಪ್ಲಿಕೇಟ. ನನ್ನನ್ನು ನೋಡಲು ಬಂದ ಒಬ್ಬ ವರನನ್ನು ಅವರು ಕಪಾಟಿನ ಎದುರಿಗೆ ಕೂಡಿಸಿ ಮಾತಾಡಿಸಿ, ಆಮೇಲೆ ನನ್ನ ಕಿವಿಯಲ್ಲಿ ಅದೇ ಮಾತು ಹೇಳಿದರು. ಅದೊಂದು ತೀರ್ಪು ಮಾತ್ರ ಸರಿ ಇತ್ತು ಅಂತ ಆಮೇಲೆ ತಿಳಿಯಿತು.

ರವಿವಾರ ಹೊರಗಿನ ಕಟ್ಟೆಯ ಮೇಲೆ ಪರೀಕ್ಷೆ. ವಾರವೆಲ್ಲ ಬಿಚ್ಚಿ ಜೋಡಿಸಿದ ಸ್ಟೋವಿಗೆ ರೇಷನ್ನಿನ ಎಣ್ಣೆ ಸುರಿದು ಒಮ್ಮೆ ಹಚ್ಚುವರು, ದನಿ ಕೇಳುವರು, ಆರಿಸುವರು, ಒರೆಸಿ ಕಪಾಟಿನಲ್ಲಿಡುವರು. ಗುರ್ ಅಂದರೆ ಇಂಗ್ಲೆಂಡು, ಸುಂಯ್ ಅಂದರೆ ಸ್ವೀಡನ್ನು, ಫಟಫಟ ಅಂದರೆ ಲೋಕಲ್. ಒಂದು ರವಿವಾರ ಕಾಕೂ, ಹೇಗೂ ಉರಿಯುತ್ತಿದೆ ಅಂತ ಅದರ ಮೇಲೆ ಚಹಾದ ಪಾತೇಲಿ ಇಟ್ಟುಬಿಟ್ಟರು. ಕಾಕಾ ಹಾವು ಕಂಡವರ ಹಾಗೆ ಹಾರಿದರು.

"ತಗಿ, ತಗಿ ಮೊದ್ಲ! ನನ್ನ ಅಪ್ಪ ಹುಟ್ಟೂಕಿಂತ ಮೊದಲಿನ ಬರ್ನರ್ ಐತಿ ಅದು!"

"ಹಂಗಾರ ಚಾ ಮಾಡಿ ರೂಢಿ ಇರಬೇಕಲ್ರಿ ಅದಕ್ಕ" ಅಂತ ಕಾಕೂ ಪಾತೇಲಿ ಎತ್ತಿಕೊಂಡು ಒಳಗೆ ಹೋದರು. ಎಣ್ಣೆ ಹೀಗೆ ಕಟ್ಟೆಯ ಮೇಲೆ ಖರ್ಚಾಗುತ್ತಿದ್ದುದರಿಂದ ತಿಂಗಳ ಕೊನೆಗೆ ಆಕೆ ಹಿತ್ತಲಲ್ಲಿ ಕಟ್ಟಿಗೆ ಉರಿಸುತ್ತಿದ್ದರು. ಗ್ಯಾಸ್ ತರಿಸಿರಿ ಅಂದರೆ ಕಾಕಾನ ಉತ್ತರ ಸಿದ್ಧವಿತ್ತು. "ಗ್ಯಾಸಿನ ಮ್ಯಾಲಿನ ಅಡಗಿ ಉಂಡ್ರ ಹೊಟ್ಟ್ಯಾಗ ಗ್ಯಾಸ ಆಗತೈತಿ."

ಇಷ್ಟಾದರೆ ಒಬ್ಬ ಮರುಳ ಅಂತ ನಕ್ಕು ಬಿಡಬಹುದಿತ್ತು. ನನಗೆ ಸಿಟ್ಟು ಬರುತ್ತಿದ್ದುದು ಅವರ ರಿಪೇರಿಗೆ. ನಮ್ಮ ಕಡೆ ಮದುವೆಯಲ್ಲಿ ಕೊಡುವ ಭಾಂಡೆ ಯಾವುದೇ ಇರಲಿ, ಕೊಡ, ತಂಬಿಗೆ, ಪರಾತ, ಅದರ ಮೇಲೆ ಕೊಟ್ಟವರ ಹೆಸರು ಚುಕ್ಕಿಚುಕ್ಕಿಯಾಗಿ ಹೊಡೆಸದಿದ್ದರೆ ಅದು ಆಹೇರು ಅನ್ನಿಸಿಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಸ್ಟೋವ್ ಅಂದರೆ ದೊಡ್ಡ ಆಹೇರು. ಆದ್ದರಿಂದ ಇವರಿಗೆ ಸಿಕ್ಕ ಸ್ಟೋವ್‌ಗಳ ಹೊಟ್ಟೆಯ ಮೇಲೆಲ್ಲ ಯಾರದೋ ಅಪ್ಪ, ಯಾರದೋ ಸೋದರಮಾವ, ಯಾರದೋ ಗೆಳತಿಯರ ಹೆಸರು. ಕಾಕಾ ಅವನ್ನು ದಾಗು ಅನ್ನುತ್ತಿದ್ದರು. ಕಲೆ! "ಕಂಪನಿಯವರು ಇವನ್ನ ಹಾಕಿದ್ರೇನು? ಇಲ್ಲಲ್ಲ? ಡಬ್ಬಿಯಿಂದ ಹ್ಯಾಂಗ ಹೊರಗ ಬಂದಿತ್ತೋ ಹಂಗ ಆಗಬೇಕ್ರಿ ಅಕ್ಕೋರ, ಅದಕ್ಕ ಒರಿಜಿನಲ್ ಅಂತಾರ." ಹೀಗೆ ಹೇಳಿ ಪಾಲೀಶ್ ಕಾಗದದಿಂದ ಹಗಲೆಲ್ಲ ಉಜ್ಜಿ ಉಜ್ಜಿ, ಹೆಸರು ಪೂರಾ ಅಳಿಸಿ ನುಣುಪು ಮಾಡಿ ಇಡುವರು.

ಮೂಡಲಗಿಯಲ್ಲಿ ನನ್ನ ಕಡೆ ಕಲಿಯುತ್ತಿದ್ದ ಹುಡುಗಿಯೊಬ್ಬಳ ಮನೆಯಿಂದ ಹೀಗೇ ಒಂದು ಸ್ಟೋವ್ ತಂದಿದ್ದರು. ಜೈನರ ಮನೆ, ಬೆಲ್ಲದ ವ್ಯಾಪಾರ. ರಿಪೇರಿ ಮಾಡಿ ತಿರುಗಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರಿಂದ ಕೊಡಲು ಹೋದರು, ಪರಿಚಯಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಹುಡುಗಿಯ ಅಜ್ಜಿ ಬಾಗಿಲಲ್ಲಿ ಕೂತಿದ್ದಳು. ಸ್ಟೋವ್ ಕೈಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು.

"ಇದ ನಮ್ಮದಲ್ಲ."

"ನಿಮ್ಮದ ಐತ್ರಿ ಆಯಿ. ಹೊಸಾದರಂಗ ಮಾಡಿ ತಂದೇನಿ."

"ಹೊಸಾದ ಯಾರಿಗೆ ಬೇಕಾಗಿತ್ತಪಾ? ನಮ್ಮ ಅಣ್ಣನ ಹೆಸರ ಇತ್ತು ಅದರ ಮ್ಯಾಲ. ನಮ್ಮದನ್ನ ತಂದ ಕೊಡು."

ಎಷ್ಟು ಹೇಳಿದರೂ ಮುದುಕಿ ಮುಟ್ಟಲೊಲ್ಲಳು. ಮಗ ಒಳಗಿಂದ ಬಂದು ಕೈಮುಗಿದ. "ಸರ, ನೀವ ಒಯ್ರಿ ಅದನ್ನ. ಇಲ್ಲಿ ಇಟ್ರ ನಮ್ಮವ್ವ ಊಟಾ ಬಿಡ್ತಾಳ." ಕಾಕಾಗೆ ಬೇಕಾದದ್ದೂ ಅದೇ. ಬಸ್ಸಿನಲ್ಲಿ ಸ್ಟೋವನ್ನು ತೊಡೆಯ ಮೇಲಿಟ್ಟುಕೊಂಡು, "ಮಂದಿ ಕೈಯಾಗ ಒರಿಜಿನಲ್ ಕೊಟ್ರೂ ಗುರುತ ಹತ್ತಂಗಿಲ್ಲ ನೋಡ್ರಿ" ಅಂದರು. ನಾನು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತ ಕೂತೆ. ಬಾಯಿ ಬಿಟ್ಟಿದ್ದರೆ ಆ ದಿನ ಬಾಡಿಗೆ ಮನೆ ಬಿಡಬೇಕಾಗುತ್ತಿತ್ತು.

ಇಷ್ಟೆಲ್ಲ ಸ್ಟೋವ್ ಇದ್ದರೂ ಕಾಕಾಗೆ ಒಂದು ಕೊರಗು ಇತ್ತು. ತಳದಲ್ಲಿ ಸಣ್ಣ ಹಡಗಿನ ಛಾಪು ಇರುವ ಒಂದು ವಿಲಾಯ್ತಿ ಸ್ಟೋವ್. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಕಾಲುವೆ ಕಟ್ಟಿಸಲು ಬಂದ ಸಾಹೇಬರು ಅದನ್ನು ತಂದಿದ್ದರು, ಇಡೀ ಜಿಲ್ಲೆಯಲ್ಲಿ ಎಲ್ಲೋ ಒಂದೆರಡು ಉಳಿದಿರಬೇಕು ಅಂತ ಅವರ ಸಿದ್ಧಾಂತ. ಈ ಸಿದ್ಧಾಂತಕ್ಕೆ ಆಧಾರ ಏನು ಅಂತ ಕೇಳಿದರೆ, "ಹಡಗ ಇದ್ದಮ್ಯಾಗ ಸಾಹೇಬರ ತಂದಿರಬೇಕಲ್ರಿ" ಅನ್ನುವರು. ಅದಕ್ಕಾಗಿ ಹುಕ್ಕೇರಿ ಸಂತೆ, ಸಂಕೇಶ್ವರದ ಗುಜರಿ, ಮೂಡಲಗಿಯ ಅಟ್ಟಗಳು, ಎಲ್ಲ ಕಡೆ ತಿರುಗಿದರು. ಸಮುದ್ರವೇ ಇಲ್ಲದ ಸೀಮೆಯಲ್ಲಿ ಹಡಗು ಹುಡುಕುವ ಏಜೆಂಟ ಎಂದು ಓಣಿಯ ಮಂದಿ ನಗುತ್ತಿದ್ದರು. ಕಾಕಾ ಎಲ್ಲಿಗೆ ಹೋದರು ಎಂದು ಯಾರಾದರೂ ಕೇಳಿದರೆ ಕಾಕೂ ಕೂಡ, "ಬಂದರಕ್ಕ ಹೋಗ್ಯಾರ" ಅನ್ನುವರು.

ಆ ಸ್ಟೋವ್ ಎಲ್ಲಿತ್ತು ಅಂತ ಕಾಕೂಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಕಾಕಾನ ಅಡುಗೆಮನೆಯಲ್ಲಿತ್ತು.

ನಂಬುವುದು ಕಷ್ಟ, ಆದರೆ ಖರೆ. ಕಾಕಾ ಅಡುಗೆಮನೆಯ ಹೊಸ್ತಿಲು ದಾಟಿದವರೇ ಅಲ್ಲ. ಅದು ಹೆಂಗಸರ ಜಾಗ. ಚಹಾ ಹೊರಗೆ ಬರುತ್ತದೆ, ತಾಟು ಹೊರಗೆ ಬರುತ್ತದೆ, ಅವು ಎಲ್ಲಿಂದ ಬರುತ್ತವೆ ಎಂಬುದು ಅವರ ಸಂಶೋಧನೆಯ ವಿಷಯವಾಗಿರಲಿಲ್ಲ. ದಿನಾ ಮುಂಜಾನೆ ಗೋಡೆಯ ಆಚೆ ಉರಿಯುವ ಸ್ಟೋವಿನ ದನಿ ಕೇಳಿ ಅವರು ನನಗೆ, "ಕೇಳ್ರಿ ಅಕ್ಕೋರ, ಲೋಕಲ್ ಮಾಲು ಹ್ಯಾಂಗ ಒದರತೈತಿ. ಹೆಂಗಸರ ಸ್ಟೋ ಅದು" ಎಂದು ಪಾಠ ಹೇಳುತ್ತಿದ್ದರು. ಆ ಲೋಕಲ್ ಮಾಲಿನ ಮೇಲೆ ಮಾಡಿದ ಚಹಾ ಕುಡಿದೇ ಹಡಗು ಹುಡುಕಲು ಬಸ್ಸು ಹತ್ತುತ್ತಿದ್ದರು.

ಅದು ಕಾಕೂನ ತವರಿನ ಆಹೇರು. ಹೊಗೆ ಹಿಡಿದು ಕಪ್ಪಾಗಿತ್ತು, ಒಂದು ಕಾಲಿಗೆ ಬೆಸುಗೆ ಹಾಕಿಸಿದ್ದರು. ತಿಕ್ಕಲು ಹಿತ್ತಲಿಗೆ ತಂದಾಗ ಆಕೆ ಒಮ್ಮೆ ನನಗೆ ಬೋರಲು ಮಾಡಿ ಹಡಗು ತೋರಿಸಿದರು, ಆಮೇಲೆ ಮೇಲ್ಮುಖ ಮಾಡಿ ಬೂದಿಯ ಬೆರಳಿನಿಂದ ಟಾಕಿಯ ಒಂದು ಬದಿಯನ್ನು ಉಜ್ಜಿದರು. ಸೊಟ್ಟಸೊಟ್ಟ ಚುಕ್ಕಿಗಳು: "ಬಾಳವ್ವ ಇವಳಿಂದ ಮಗಳಿಗೆ."

"ನಮ್ಮವ್ವ ಎಮ್ಮಿ ಕಟ್ಟಿ, ಬೆಣ್ಣಿ ಮಾರಿ, ಸಂಕೇಶ್ವರ ಪ್ಯಾಟ್ಯಾಗ ಯಾರೋ ವಾಪರಿಸಿ ಬಿಟ್ಟ ಹಳೇದನ್ನ ತಗೊಂಡಿದ್ಲು. ಹೆಸರ ಹೊಡಿಯಾಂವ, ನಿನ್ನ ಗಂಡನ ಹೆಸರ ಹೇಳವ್ವಾ ಅಂದನಂತ. ಗಂಡ ಕೊಡಾಕತ್ತಿಲ್ಲೋ ತಮ್ಮಾ, ನಾ ಕೊಡಾಕತ್ತೇನಿ, ನನ್ನ ಹೆಸರ ಹೊಡಿ ಅಂತ ಅಂಗಡಿ ಮುಂದ ನಿಂತ ಹೊಡಿಸ್ಯಾಳ." ಕಾಕೂ ನಕ್ಕರು. ಆಮೇಲೆ ದನಿ ಇಳಿಸಿದರು. "ಅವ್ವ ಹೋಗಿ ಭಾಳ ವರ್ಷ ಆತ್ರಿ. ಆಕಿ ಹೆಸರ ಬರದದ್ದ ಈ ಲೋಕದಾಗ ಇದೊಂದ ಜಾಗಾದಾಗ. ಇವರ ಕೈಗೆ ಸಿಕ್ತೋ, ಅದೂ ಹೋಗತೈತಿ. ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ."

ನಾನು ಹೇಳಲಿಲ್ಲ. ಕಾಕಾನೇ ಹುಡುಕಿಕೊಂಡರು.

ಕಾಕೂ ತಮ್ಮನ ಮಗನ ತೊಟ್ಟಿಲ ಶಾಸ್ತ್ರಕ್ಕೆಂದು ಹುಕ್ಕೇರಿಗೆ ಹೋಗಿದ್ದರು. ಮರುದಿನ ಮುಂಜಾನೆ ಕಾಕಾಗೆ ಚಹಾ ಬೇಕಾಯಿತು. ಹೋಟೆಲ್ ಚಹಾ ಡುಪ್ಲಿಕೇಟ. ಹೀಗಾಗಿ ಆ ಮನುಷ್ಯ ಜನ್ಮದಲ್ಲಿ ಮೊದಲ ಬಾರಿಗೆ ಅಡುಗೆಮನೆಗೆ ಹೆಜ್ಜೆ ಇಟ್ಟರು. ಗೋಡೆಯ ಆಚೆಯಿಂದ ಮೊದಲು ಡಬ್ಬಿಗಳು ಬಿದ್ದ ಸದ್ದು ಬಂತು. ಆಮೇಲೆ, "ಅಕ್ಕೋರ, ಸಕ್ರಿ ಯಾವ ಡಬ್ಬ್ಯಾಗ ಇರ್ತಾವ್ರಿ?" ಅಂತ ಕೂಗು. ನಾನು ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಕೂಗು ಬಂತು, ಅದಕ್ಕೆ ಓಣಿಯ ನಾಯಿಗಳೆಲ್ಲ ಎದ್ದವು. ಕಾಕಾ ಲುಂಗಿಯ ತುದಿಯಲ್ಲಿ ಕಪ್ಪು ಸ್ಟೋವ್ ಹಿಡಿದುಕೊಂಡು ನನ್ನ ಬಾಗಿಲಿಗೆ ಓಡಿ ಬಂದಿದ್ದರು.

"ಸಿಕ್ತು! ಹಡಗ ಸಿಕ್ತರಿ! ನನ್ನ ಮನ್ಯಾಗ! ನನ್ನ ಮನ್ಯಾಗ ಐತಿ!"

"ಕಾಕಾ, ಅದನ್ನ ಮುಟ್ಟಬ್ಯಾಡ್ರಿ. ಅದ ಕಾಕೂನ ತವರಿಂದು. ಅವರನ್ನ ಕೇಳ್ರಿ ಮೊದ್ಲ."

"ಆಕಿಗೇನ ಕೇಳೂದ್ರಿ? ಏನ ಇಟ್ಕೊಂಡಾಳಂತ ಆಕಿಗೆ ತಿಳದಿಲ್ಲ. ಬರೂದ್ರಾಗ ಕನ್ನಡಿ ಮಾಡಿ ಇಡ್ತೇನಿ. ಖುಷಿ ಆಗ್ತಾಳ."

"ಅದರ ಮ್ಯಾಲ ಅವರ ಅವ್ವನ ಹೆಸರ ಐತ್ರಿ. ಹೆಸರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ, ಕೈ ಮುಗಿತೇನಿ."

"ಹೂಂ ಹೂಂ" ಅಂದರು. ಅವರ ಕಣ್ಣು ಹಡಗಿನ ಮೇಲಿತ್ತು. ನನಗೆ ಬಸ್ಸಿನ ಹೊತ್ತಾಗಿತ್ತು. ಸಂಜೆ ಬಂದು ನೋಡುತ್ತೇನೆ, ಕಟ್ಟೆಯ ಮೇಲೆ ಸ್ಟೋವ್ ಬಿಸಿಲಿಗೆ ಮಿಂಚುತ್ತಿದೆ. ಬೆಸುಗೆ ತೆಗೆದು ಬೇರೆ ಕಾಲು ಕೂಡಿಸಿದ್ದಾರೆ. ಟಾಕಿಯ ನಾಲ್ಕೂ ಕಡೆ ಬೆರಳಾಡಿಸಿದೆ. ಎಲ್ಲಿಯೂ ಒಂದು ಚುಕ್ಕಿ ತಾಗಲಿಲ್ಲ. ಕಾಕಾ ಮಾತ್ರ ಹುಣಸೆಹಣ್ಣಿನ ಕೈ ತೊಳೆಯುತ್ತ ಹಾಡು ಗುನುಗುತ್ತಿದ್ದರು.

ಕಾಕೂ ಬಂದ ದಿನ ಕಾಕಾ ಹೊಸ ಸಫಾರಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ನಡುಮನೆಯ ಸ್ಟೂಲಿನ ಮೇಲೆ ಸ್ಟೋವ್, ಅದರ ಮೇಲೊಂದು ದಾಸವಾಳ. ಕಾಕೂ ತೊಟ್ಟಿಲದ ಬುತ್ತಿಗಂಟು ಕೆಳಗಿಟ್ಟು, ಹೂ ತೆಗೆದು ಪಕ್ಕಕ್ಕಿಟ್ಟು, ಸ್ಟೋವ್ ಎತ್ತಿಕೊಂಡರು. ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು. ನನಗೆ ಮೂಡಲಗಿಯ ಅಜ್ಜಿ ನೆನಪಾದಳು.

"ಯಾರದರಿ ಇದು?"

"ನಿಂದ! ನಿಂದ ಐತಿ! ಹ್ಯಾಂಗ ಆಗೇತಿ ನೋಡು!"

"ನಂದ ಆಗಿದ್ರ ಹೆಸರ ಇರ್ತಿತ್ತು" ಅಂದು ಕಾಕೂ ಸ್ಟೋವನ್ನು ಸ್ಟೂಲಿನ ಮೇಲಿಟ್ಟು ಹಿತ್ತಲಿಗೆ ಹೋದರು.

ಆಕೆ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಕಾಕಾ ಗೆಲ್ಲುತ್ತಿದ್ದರು, ವಿಮಾ ಏಜೆಂಟರ ಜೊತೆ ಮಾತಿನಲ್ಲಿ ಗೆದ್ದವರುಂಟೆ? ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕಟ್ಟಿಗೆಯ ಮೇಲೆ ಅಡುಗೆ ಮಾಡತೊಡಗಿದರು. ಹೊತ್ತುಹೊತ್ತಿಗೆ ಹೊಗೆ ವಾಸನೆಯ ಚಹಾ ಬರುತ್ತಿತ್ತು, ಹೊಗೆ ವಾಸನೆಯ ಸಾರು ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಹೊಗೆಗೆ ಕಣ್ಣು ಕೆಂಪಾಗಿದ್ದ ಆಕೆಯನ್ನು ನೋಡಿ, "ಅಳಾಕತ್ತೀರೇನ್ರಿ ಕಾಕೂ?" ಅಂದೆ. "ಕಟ್ಟಿಗಿ ಹಸಿ ಅದಾವ್ರಿ" ಅಂದರು. ಕಟ್ಟಿಗೆ ಒಣಗಿದ್ದವು. ಅವತ್ತು ನಾನು ಕಾಕಾನ ಎದುರು ನಿಂತು, ಮೂಡಲಗಿಯ ಬಸ್ಸಿನಿಂದ ನುಂಗಿಕೊಂಡು ಬಂದದ್ದನ್ನೆಲ್ಲ ಸೇರಿಸಿ ಬೈದೆ.

ಕಾಕಾ ಕೇಳಿಸಿಕೊಂಡರು. "ಹೆಸರಲ್ರಿ? ಮತ್ತ ಹೊಡಿಸಿದ್ರಾತು. ಅದಕ್ಯಾಕ ಇಷ್ಟ ರಂಪ?" ಅಂದು ಸ್ಟೋವ್ ಎತ್ತಿಕೊಂಡು ಪೇಟೆಗೆ ಹೊರಟೇಬಿಟ್ಟರು.

ಮುಂದಿನದನ್ನು ಭಾಂಡೆ ಅಂಗಡಿಯವರೇ ನನಗೆ ಹೇಳಿ ನಕ್ಕರು. ಕಾಕಾ ಹೋಗಿ, ನಮ್ಮ ಅತ್ತೆಯ ಹೆಸರು ಹೊಡೆಯಬೇಕು ಎಂದರಂತೆ. ಹೇಳ್ರಿ ಹೆಸರು, ಅಂದರಂತೆ ಅಂಗಡಿಯವರು. ಕಾಕಾ ಬಾಯಿ ತೆರೆದರಂತೆ, ಹಾಗೇ ಮುಚ್ಚಿದರಂತೆ. ಯಾವ ಸ್ಟೋವ್ ಯಾವ ದೇಶದಲ್ಲಿ ಹುಟ್ಟಿತು, ಯಾವ ಕಾರಖಾನೆ, ಯಾವ ಜಾತಿಯ ಬರ್ನರ್ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯನಿಗೆ ಹೆಂಡತಿಯ ತಾಯಿಯ ಹೆಸರು ಗೊತ್ತಿರಲಿಲ್ಲ. ಮದುವೆಯಾದ ದಿನದಿಂದ ಅತ್ತಿ ಅಂದರು, ಆಮೇಲೆ ಆಕೆ ತೀರಿಕೊಂಡಳು, ಮುಗಿಯಿತು. ಉಜ್ಜುವಾಗ ಓದಿರಲಿಲ್ಲವೆ ಅಂದರೆ, ದಾಗನ್ನು ಯಾರು ಓದುತ್ತಾರೆ?

ಸಂಜೆ ನನ್ನ ಬಾಗಿಲಿಗೆ ಬಂದರು. ದನಿ ಬಹಳ ಸಣ್ಣದಾಗಿತ್ತು.

"ಅಕ್ಕೋರ, ನಮ್ಮ ಅತ್ತಿ ಹೆಸರೇನಿತ್ರಿ?"

"ನನಗ ಗೊತ್ತೈತಿ. ಹೇಳಂಗಿಲ್ಲ. ನೀವ ಗುರುತ ಹಿಡ್ಯಾಕ ಶಾಣ್ಯಾ ಅದೀರಲ್ಲ, ಹುಡುಕ್ರಿ."

ಹುಕ್ಕೇರಿಗೆ ಹೋದರು. ಭಾವಮೈದುನನನ್ನು ನೇರ ಕೇಳಲು ಮುಖ ಇಲ್ಲದೆ ಮೊದಲು ಓಣಿಯಲ್ಲಿ ಸುತ್ತು ಹೊಡೆದು ಹಳೆಯ ಮಂದಿಯನ್ನು ಮಾತಿಗೆಳೆದರಂತೆ. ಒಬ್ಬರು ಎಮ್ಮಿ ಅವ್ವ ಅಂದರು, ಒಬ್ಬರು ಮೂಲಿಮನಿ ಆಯಿ ಅಂದರು, ಇನ್ನೊಬ್ಬರು, ಆಕೆಯ ಬೆಣ್ಣೆ ಒಳ್ಳೆಯದಿತ್ತು, ಹೆಸರು ನೆನಪಿಲ್ಲ ಅಂದರು. ವಿಮೆ ಏಜೆಂಟ ಸತ್ತವರ ವಿಚಾರಣೆ ಮಾಡುತ್ತಿದ್ದಾನೆ ಎಂದು ಓಣಿಯಲ್ಲಿ ಗುಸುಗುಸು ಎದ್ದಿತು. ಕೊನೆಗೆ ಭಾವಮೈದುನನ ಎದುರು ಕೂತು ಕೇಳಿಯೇಬಿಟ್ಟರು. ಅವನು ಮನೆಮಂದಿಯನ್ನೆಲ್ಲ ಕರೆದು, "ಬರ್ರಿಲ್ಲೆ, ಮಾಮಾ ಇವತ್ತ ಅವ್ವನ ಹೆಸರ ಕೇಳಾಕ ಬಂದಾರ!" ಅಂದನಂತೆ. ಇದನ್ನು ಕಾಕಾನೇ ನನಗೆ ಹೇಳಿದ್ದು. ಹೇಳುವಾಗ ನಗಲಿಲ್ಲ.

ಹೆಸರು ಸಿಕ್ಕಿತು, ಆದರೆ ಅಲ್ಲಿ ಏನು ಬರೆಸಿತ್ತು ಎಂಬುದು ಯಾರಿಗೂ ನೆನಪಿರಲಿಲ್ಲ. ಈಗಿನ ಹಾಗೆ ಮಷೀನಿನಲ್ಲಿ ಬೇಡ, ಹಳೆಯ ಕಾಲದ ಹಾಗೆ ಮೊಳೆ ಸುತ್ತಿಗೆಯಲ್ಲೇ ಹೊಡೆಯಬೇಕು ಎಂದು ಅಂಗಡಿಯವರ ಹತ್ತಿರ ಹಟ ಹಿಡಿದು, ಪೂರಾ ಹೊಡೆಯುವತನಕ ಎದುರಿಗೇ ನಿಂತು, ಸ್ಟೋವ್ ತಂದರು. ಕಾಕೂ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರು, ನಾನು ಅಲ್ಲೇ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆ. ಕಾಕಾ ಹೊಸ್ತಿಲ ಹೊರಗೆ ನಿಂತರು. ಸ್ಟೋವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಿದ್ದರು. ಕೂದಲು ಕೆದರಿತ್ತು, ಬೆವರಿಗೆ ಬಸ್ಸಿನ ಧೂಳು ಅಂಟಿತ್ತು. ಹಾಜರಿ ಕೂಗುವಾಗ ತನ್ನ ಹೆಸರು ಬರುತ್ತದೋ ಇಲ್ಲವೋ ಎಂದು ಕಾಯುವ ಹೊಸ ಹುಡುಗನ ಮುಖ ಅದು.

ಕಾಕೂ ಕೈ ತೊಳೆದುಕೊಂಡರು. ಸ್ಟೋವ್ ಇಸಿದುಕೊಂಡರು. ಮೊದಲು ಮೂಸಿದರು. ಉಗುರಿನಿಂದ ಟಣ್ ಅಂತ ಬಡಿದರು. ಕಿವಿಗೆ ಹಿಡಿದರು. ಬೋರಲು ಮಾಡಿ ಹಡಗು ನೋಡಿದರು. ಆಮೇಲೆ ತಿರುಗಿಸಿ ಹೊಸ ಚುಕ್ಕಿಗಳನ್ನು ಒಂದೊಂದೇ ಕೂಡಿಸಿ ಓದಿದರು: "ಬಾಳವ್ವ ಇವರಿಂದ ಮಗಳು ಮತ್ತು ಅಳಿಯಂದಿರಿಗೆ ಪ್ರೀತಿಪೂರ್ವಕ."

ಅಳಿಯಂದಿರಿಗೆ! ನಾನು ಮೆಣಸಿನಕಾಯಿಯ ಕೈಯಿಂದ ಕಣ್ಣು ಒರೆಸಿಕೊಂಡು ಫಜೀತಿ ಪಟ್ಟೆ. ಕಾಕೂ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತೀರ್ಪು ಕೊಟ್ಟರು.

"ಡುಪ್ಲಿಕೇಟ."

ಸ್ಟೋವನ್ನು ಅವರ ಕೈಗೇ ಕೊಟ್ಟು ಮತ್ತೆ ಹಿಟ್ಟಿಗೆ ಕೈ ಹಾಕಿದರು. ಕಾಕಾ "ಖರೆ" ಅಂದರು. ಅದು ಒಂದೇ ಮಾತು. ಮರುದಿನ ಹೋಗಿ ಗ್ಯಾಸಿಗೆ ಹೆಸರು ಹಚ್ಚಿ ಬಂದರು. ಹೆಂಡತಿಯ ಹೆಸರು.

ಗ್ಯಾಸ್ ಬಂತು. ಕಾಕೂನ ಮಾತೂ ನಿಧಾನಕ್ಕೆ ಬಂತು. ಕಾಕಾನ ಹೊಟ್ಟೆಯಲ್ಲಿ ಗ್ಯಾಸೇನೂ ಆಗಲಿಲ್ಲ. ಹಡಗಿನ ಸ್ಟೋವನ್ನು ಕಪಾಟಿನಲ್ಲಿಡಲು ಅವರಿಗೆ ಧೈರ್ಯ ಬರಲಿಲ್ಲ, ಅಡುಗೆಮನೆಗೆ ತೆಗೆದುಕೊಳ್ಳಲು ಕಾಕೂಗೆ ಮನಸ್ಸು ಬರಲಿಲ್ಲ. ನಡುಮನೆಯ ಗೋಡೆಯ ಗೂಡಿನಲ್ಲಿ ಅದು ವರ್ಷಗಟ್ಟಲೆ ಕೂತಿತು. ಕಾಕಾ ಸ್ಟೋವ್ ತರುವುದನ್ನೇನೂ ಬಿಡಲಿಲ್ಲ. ಆದರೆ ಹೆಸರಿದ್ದ ಸ್ಟೋವ್ ಸಿಕ್ಕರೆ ಹೆಸರಿನ ಸುತ್ತ ಮಾತ್ರ ಉಜ್ಜುತ್ತಿದ್ದರು. ಹೀಗಾಗಿ ಆಮೇಲಿನ ಸ್ಟೋವ್‌ಗಳೆಲ್ಲ ಅರ್ಧ ಸ್ನಾನ ಮಾಡಿ ಎದ್ದು ಬಂದವರ ಹಾಗೆ ಕಾಣುತ್ತಿದ್ದವು. ಬಸ್ಸಿನಲ್ಲಿ ಪಕ್ಕದವರಿಗೆ ಸ್ಟೋವ್ ತಿರುಗಿಸಿ ತೋರಿಸಿ, "ಈ ಗಂಗವ್ವ ಯಾರಂತ ನಿಮಗೇನರ ಗೊತ್ತೈತೇನ್ರಿ?" ಎಂದು ಕೇಳತೊಡಗಿದರು. ಮಂದಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಮೂಡಲಗಿಯ ಅಜ್ಜಿಯ ಮನೆಗೂ ಒಮ್ಮೆ ಹೋಗಿದ್ದರಂತೆ, ಆಕೆಯ ಅಣ್ಣನ ಹೆಸರು ಕೇಳಲು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು.

ಕಾಕಾನ ದಿನಕಾರ್ಯ ಮುಗಿದ ಮೇಲೆ ಒಂದು ರವಿವಾರ ನಾನು ಹೋದಾಗ ಗುಜರಿಯವನ ಕೈಗಾಡಿ ಬಾಗಿಲಲ್ಲಿ ನಿಂತಿತ್ತು. ಹೆಸರಿದ್ದ ಸ್ಟೋವ್‌ಗಳನ್ನು ಕಾಕೂ ಮೊದಲೇ ಬೇರೆ ತೆಗೆದು ಒಂದು ಬದಿಗೆ ಇಟ್ಟಿದ್ದರು. ಓದಿ, ಗುರುತು ಹತ್ತಿದವರ ಮನೆಗೆ ಕಳಿಸಬೇಕಂತೆ. ಹೆಸರು ಅಳಿದವು ಒಂದೊಂದಾಗಿ ಗಾಡಿ ಏರುತ್ತಿದ್ದವು. ಕಪಾಟು ಖಾಲಿಯಾದ ಮೇಲೆ ಗುಜರಿಯವನು ಒಳಗೆ ಇಣುಕಿ ನೋಡಿ ಗೂಡಿಗೆ ಕೈ ಹಾಕಿದ.

"ಅದನ್ನ ಮುಟ್ಟಬ್ಯಾಡಪಾ" ಅಂದರು ಕಾಕೂ. ತಾವೇ ಎದ್ದು ಹೋಗಿ ಅದನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಅಡುಗೆಮನೆಗೆ ಒಯ್ದು ಗ್ಯಾಸಿನ ಬಾಜೂದಲ್ಲಿಟ್ಟರು.

ನಾನು ಚೇಷ್ಟೆ ಮಾಡಿದೆ. "ಡುಪ್ಲಿಕೇಟ ಅಲ್ರಿ ಕಾಕೂ ಅದು?"

"ಹೌದ್ರಿ, ಡುಪ್ಲಿಕೇಟ" ಅಂದರು. ಹೊಸ್ತಿಲಿನ ಕಡೆ ಕೈ ಮಾಡಿದರು. "ಆದರ ಅವತ್ತ ಇದನ್ನ ಹಿಡಕೊಂಡ ಇಲ್ಲಿ ನಿಂತಿದ್ರಲ್ಲ, ಆ ಮಖ ಒರಿಜಿನಲ್ ಇತ್ತರಿ."